ಹಿತ್ತಿಲ ಅತ್ತಿಮರ

ಲೋಕದಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದು ಪ್ರಯೋಜನವಿರಬೇಕು. ಪ್ರಯೋಜನವಿಲ್ಲದ್ದಕ್ಕೆ ಇರುವ ಹಕ್ಕೂ ಇಲ್ಲ ಎಂಬುದು ಬಹುಕಾಲ ನನ್ನ ನಂಬಿಕೆಯಾಗಿತ್ತು. ಮೂವತ್ತೈದು ವರ್ಷ ಲೆಕ್ಕಪತ್ರದ ಕಛೇರಿಯಲ್ಲಿ ಕುಳಿತು ಅನ್ಯರ ಜಮಾಖರ್ಚನ್ನು ತಾಳೆನೋಡಿದವನಿಗೆ ಇಂಥ ನಂಬಿಕೆ ಬಂದದ್ದು ಆಶ್ಚರ್ಯವಲ್ಲ. ಕಳೆದ ವರ್ಷ ಈ ನಂಬಿಕೆಯನ್ನು ನಮ್ಮ ಹಿತ್ತಿಲಿನ ಮರವೊಂದಕ್ಕೆ ಅನ್ವಯಿಸಲು ಹೊರಟೆನು. ಸ್ವಲ್ಪ ದೂರ ಹೋದಮೇಲೆ ಅದು ಮರಕ್ಕಿಂತ ಮೊದಲು ನನಗೇ ಅನ್ವಯವಾಗುವುದನ್ನು ಕಂಡು ನಿಲ್ಲಬೇಕಾಯಿತು. ಆ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನೆನೆದು ವಾಚಕರು ಇದನ್ನು ಅಲ್ಪವಿಷಯವೆಂದು ಬದಿಗಿಡಬಾರದೆಂದು ಪ್ರಾರ್ಥನೆ.

ನಮ್ಮ ಮನೆ ಜಯನಗರದಲ್ಲಿ, ಲಾಲ್‌ಬಾಗಿನಿಂದ ಕಾಲುನಡಿಗೆಯ ದೂರದಲ್ಲಿದೆ. 1948ರಲ್ಲಿ ಈ ಬಡಾವಣೆಗೆ ಅಸ್ತಿಭಾರ ಹಾಕಿದಮೇಲೆ ಕೆಲವು ವರ್ಷಗಳಿಗೆ ನನ್ನ ತಂದೆಯವರು ನಿವೇಶನ ಕೊಂಡು ಮನೆ ಕಟ್ಟಿಸಿದರು. ಹಿಂದೆ ಒಂದು ಬಾವಿಯನ್ನೂ ತೋಡಿಸಿದರು. 1974ರಲ್ಲಿ ಕಾವೇರಿಯ ನೀರು ಊರಿಗೆ ಬಂದಿತು. ಕ್ರಮೇಣ ಬಾವಿಯ ಕಡೆಗೆ ಹೋಗುವವರು ಕಡಮೆಯಾದರು. ರಾಟೆ ತುಕ್ಕು ಹಿಡಿಯಿತು. ಕೊನೆಗೆ ಅದರ ಬಾಯಿಗೆ ಚಪ್ಪಡಿ ಬಿದ್ದಿತು. ಆ ಬಾವಿಯ ಕಟ್ಟೆಯ ಬಿರುಕಿನಲ್ಲಿ ಯಾವುದೋ ಹಕ್ಕಿ ಬೀಳಿಸಿದ ಬೀಜದಿಂದ ಒಂದು ಅತ್ತಿಯ ಗಿಡ ಹುಟ್ಟಿತು. ಅದನ್ನು ಯಾರೂ ನೆಡಲಿಲ್ಲ, ಯಾರೂ ನೀರೆರೆಯಲಿಲ್ಲ. ಭೂಮಿಯ ಒಳಗೆ ನೀರಿರುವುದಕ್ಕೆ ಅತ್ತಿಯೂ ಒಂದು ಗುರುತೆಂದು ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯಲ್ಲಿ ಬರೆದಿದ್ದಾರೆ. ನಾವು ಮರೆತ ನೀರನ್ನು ಅದು ಹುಡುಕಿಕೊಂಡಿರಬೇಕು. ನಾನು ಉದ್ಯೋಗದಿಂದ ನಿವೃತ್ತನಾಗುವ ಹೊತ್ತಿಗೆ ಅದು ಮನೆಯ ಮಾಳಿಗೆಯನ್ನು ಮೀರಿ ಬೆಳೆದಿತ್ತು.

ಅತ್ತಿಯ ಮರವನ್ನು ಹತ್ತಿರದಿಂದ ಬಲ್ಲವರಿಗೆ ಅದರ ಉಪದ್ರವವೂ ಗೊತ್ತು. ವರ್ಷದಲ್ಲಿ ಹಲವು ಸಲ ಕಾಂಡದಿಂದಲೂ ದಪ್ಪಕೊಂಬೆಗಳಿಂದಲೂ ಗೊಂಚಲುಗೊಂಚಲಾಗಿ ಕಾಯಿ ಹೊರಡುತ್ತದೆ. ಕೆಂಪಗೆ ಹಣ್ಣಾಗಿ ನೂರುಗಟ್ಟಲೆ ಉದುರಿ, ಜಜ್ಜಿಹೋಗಿ, ನೊಣ ಮುತ್ತಿ, ಹುಳಿವಾಸನೆ ಹರಡುತ್ತದೆ. ರಾತ್ರಿಯೆಲ್ಲ ಬಾವಲಿಗಳ ಜಗಳ. ಬೆಳಗಾದರೆ ಬಿಳಿಯ ಗೋಡೆಯ ಮೇಲೆ ಅವುಗಳ ಗುರುತು. ಪಕ್ಕದ ಮನೆಯವರ ಕಾಂಪೌಂಡು ಗೋಡೆಯನ್ನು ಬೇರು ಎತ್ತಿ ಸೀಳಿತ್ತು. ಇಷ್ಟಾದರೂ ಅವರು ಸುಮ್ಮನಿದ್ದರು. ಆದರೆ ಕಳೆದ ಆಷಾಢದ ಒಂದು ಬೆಳಗ್ಗೆ ಅವರ ತಾಯಿ, ಎಂಬತ್ತು ದಾಟಿದವರು, ಹೂವು ಕೊಯ್ಯಲು ಹೊರಗೆ ಬಂದು, ಉದುರಿದ ಹಣ್ಣಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಮುಂಗೈಯ ಮೂಳೆ ಮುರಿಯಿತು.

ಆ ದಿನ ಸಾಯಂಕಾಲ ಅವರ ಮಗ ನಮ್ಮ ಮನೆಗೆ ಬಂದರು. ಮಾತಿನಲ್ಲಿ ಕೋಪವಿರಲಿಲ್ಲ. "ರಾಯರೇ, ತಾವು ಹಿರಿಯರು. ನಾನು ಹೇಳಬೇಕಾದ್ದೇನೂ ಇಲ್ಲ. ತಾವೇ ಯೋಚಿಸಿ ನೋಡಿ" ಎಂದಷ್ಟೇ ಹೇಳಿ ಎದ್ದುಹೋದರು. ಮರುದಿನವೇ ನಾನು ಮರವನ್ನು ಕಡಿಸಲು ಅನುಮತಿ ಬೇಡಿ ಅರ್ಜಿ ಬರೆದೆನು. ನಮ್ಮ ರಾಜ್ಯದಲ್ಲಿ 1976ರ ವೃಕ್ಷಸಂರಕ್ಷಣೆಯ ಕಾಯಿದೆಯಂತೆ, ತನ್ನ ಹಿತ್ತಿಲಿನ ಮರವಾದರೂ ವೃಕ್ಷಾಧಿಕಾರಿಯ ಒಪ್ಪಿಗೆಯಿಲ್ಲದೆ ಕಡಿಯಕೂಡದು. ಅರ್ಜಿಯಲ್ಲಿ ಕಾರಣಗಳನ್ನು ಕ್ರಮವಾಗಿ ಬರೆದೆನು: ಗೋಡೆಗೆ ಹಾನಿ, ನೆರೆಯವರಿಗೆ ಅಪಾಯ, ನೈರ್ಮಲ್ಯಕ್ಕೆ ಭಂಗ. ಕೊನೆಯಲ್ಲಿ, ಕಛೇರಿಯ ಹಳೆಯ ಅಭ್ಯಾಸದಿಂದ, "ಸದರಿ ಮರದಿಂದ ಯಾರಿಗೂ ಯಾವ ಪ್ರಯೋಜನವೂ ಇರುವುದಿಲ್ಲ" ಎಂಬ ವಾಕ್ಯವನ್ನೂ ಸೇರಿಸಿದೆನು.

ಈ ವಾಕ್ಯವನ್ನು ಬರೆದಾಗಿನ ನನ್ನ ಮನಸ್ಸಿನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನನ್ನ ಮನೆಯಾಕೆ ಮೂರು ವರ್ಷ ಹಾಸಿಗೆ ಹಿಡಿದಿದ್ದಳು. ಆ ಮೂರು ವರ್ಷವೂ ನನ್ನ ದಿನ ಗಡಿಯಾರದ ಮುಳ್ಳಿಗೆ ಕಟ್ಟಿಹಾಕಿದಂತಿತ್ತು. ಔಷಧದ ವೇಳೆ, ಗಂಜಿಯ ವೇಳೆ, ಮಗ್ಗುಲು ತಿರುಗಿಸುವ ವೇಳೆ, ರಾತ್ರಿ ಎರಡು ಗಂಟೆಗೆ ಎದ್ದು ಉಸಿರನ್ನು ಆಲಿಸುವ ವೇಳೆ. ಎರಡು ವರ್ಷಗಳ ಹಿಂದೆ ಅವಳು ತೀರಿಕೊಂಡಳು. ಕರ್ಮಾಂತರಗಳು ಮುಗಿದು ಬಂದವರೆಲ್ಲ ಹೋದಮೇಲೆ, ಗಡಿಯಾರ ಎಷ್ಟು ಹೊಡೆದರೂ ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಮಕ್ಕಳು ಪರಸ್ಥಳಗಳಲ್ಲಿದ್ದಾರೆ, ಸುಖವಾಗಿದ್ದಾರೆ. ನಿವೃತ್ತಿವೇತನ ತಿಂಗಳ ಕೊನೆಗೆ ಬರುತ್ತದೆ. ಯಾರಾದರೂ ಕುಶಲ ಕೇಳಿದರೆ, "ನನಗೆ ಯಾರ ಹಂಗೂ ಇಲ್ಲ, ನನ್ನ ಹಂಗು ಯಾರಿಗೂ ಇಲ್ಲ" ಎಂದು ನಗುತ್ತ ಹೇಳುತ್ತಿದ್ದೆನು. ಕೇಳಿದವರು ಇದನ್ನು ವೈರಾಗ್ಯವೆಂದು ಭಾವಿಸುತ್ತಿದ್ದರು. ಅದು ವೈರಾಗ್ಯವಾಗಿರಲಿಲ್ಲ. ಯಾರಿಗೂ ಬೇಡವಾದ ಬಾವಿಯ ಪಕ್ಕದಲ್ಲಿ, ಯಾರೂ ಬೇಡದೆಯೇ ಆ ಮರ ಅಷ್ಟು ಸಮೃದ್ಧವಾಗಿ ಬೆಳೆದು ನಿಂತಿರುವುದನ್ನು ನೋಡಿದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿದ್ದಿತು. ಅರ್ಜಿಗೆ ಗೋಡೆಯ ಬಿರುಕು ಒಂದು ಕಾರಣವಾದರೆ ಇದು ಇನ್ನೊಂದು.

ಅರ್ಜಿಯನ್ನು ಕೊಟ್ಟು ಬಂದ ವಾರದಲ್ಲಿ ನನ್ನ ತಂಗಿಯ ಮೊಮ್ಮಗಳು ಎರಡು ದಿನ ಇದ್ದುಹೋಗಲು ಬಂದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದುತ್ತಿರುವ ಹುಡುಗಿ. ಮರವನ್ನು ಕಡಿಸುತ್ತೇನೆಂದು ಕೇಳಿ ಅವಳು ವಾದಮಾಡಲಿಲ್ಲ. ಕೈಗೆ ಸಿಕ್ಕುವ ಒಂದು ಗೊಂಚಲಿನಿಂದ ಅರೆಗಾಯಿಯೊಂದನ್ನು ಕಿತ್ತು, ಈಳಿಗೆಮಣೆಯಲ್ಲಿ ಎರಡು ಹೋಳು ಮಾಡಿ, ನಾನು ಪತ್ರಿಕೆ ಓದುವ ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು, "ತಾತಾ, ನೋಡಿ" ಎಂದಳು.

ಅತ್ತಿಯ ಹೂವನ್ನು ಕಂಡವರಿಲ್ಲವೆಂಬುದು ನಮ್ಮಲ್ಲಿ ರೂಢಿಯಾದ ಮಾತು. ಆ ಹೂವನ್ನು ನಾನು ಅಂದು ಕಂಡೆನು. ನಾವು ಕಾಯಿಯೆಂದು ಕರೆಯುವುದು ನಿಜವಾಗಿ ಒಂದು ಮುಚ್ಚಿದ ಚೀಲ; ಅದರ ಒಳಮೈಯ ತುಂಬ ಸಾವಿರಾರು ಸೂಕ್ಷ್ಮವಾದ ಹೂವುಗಳು ಒತ್ತೊತ್ತಾಗಿ, ಕೇಂದ್ರಕ್ಕೆ ಮುಖಮಾಡಿ ನಿಂತಿವೆ. ಹೊರಗಿನ ಗಾಳಿ ಬೆಳಕು ಅವುಗಳಿಗೆ ತಾಕುವುದಿಲ್ಲ. ದುಂಬಿ ಜೇನುಗಳು ಒಳಗೆ ಬರಲಾರವು. ಕಾಯಿಯ ತುದಿಯಲ್ಲಿ ಎಸಳುಗಳಿಂದ ಬಿಗಿದ ಒಂದು ಕಂಡಿ ಮಾತ್ರ ಇದೆ. ಅದರ ಮೂಲಕ ಒಳಗೆ ನುಗ್ಗಬಲ್ಲದ್ದು ಕಣಜದ ಜಾತಿಗೆ ಸೇರಿದ, ಸಾಸಿವೆಕಾಳಿನಷ್ಟೇ ಇರುವ ಒಂದು ಹುಳು.

ಹುಡುಗಿ ಹೇಳಿದುದನ್ನೂ, ಆಮೇಲೆ ನಾನು ಓದಿ ತಿಳಿದುದನ್ನೂ ಸೇರಿಸಿ ಆ ಹುಳುವಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೆಣ್ಣುಹುಳು ಪರಾಗವನ್ನು ಹೊತ್ತು, ಕಾಯಿಯ ಗಂಧವನ್ನು ಹಿಡಿದು ಬರುತ್ತದೆ. ಕಂಡಿ ಎಷ್ಟು ಇಕ್ಕಟ್ಟೆಂದರೆ, ನುಗ್ಗುವಾಗ ಅದರ ರೆಕ್ಕೆಗಳು ಮುರಿದು ಹೊರಗೇ ಉಳಿಯುತ್ತವೆ. ಒಳಗಿನ ಕತ್ತಲೆಯಲ್ಲಿ ಅದು ಕೆಲವು ಹೂವುಗಳಲ್ಲಿ ಮೊಟ್ಟೆಯಿಡುತ್ತದೆ, ಉಳಿದವುಗಳಿಗೆ ಪರಾಗವನ್ನು ಮುಟ್ಟಿಸುತ್ತದೆ; ಅಲ್ಲಿಯೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂವಿನಲ್ಲಿ ಮರಿಹುಳು ಬೆಳೆಯುತ್ತದೆ. ಪರಾಗ ತಾಕಿದ ಹೂವಿನಲ್ಲಿ ಬೀಜ ಕಟ್ಟುತ್ತದೆ. ಕೆಲವು ವಾರಗಳ ಮೇಲೆ ಗಂಡುಹುಳುಗಳು ಮೊದಲು ಹೊರಬೀಳುತ್ತವೆ. ಇವಕ್ಕೆ ರೆಕ್ಕೆಯೇ ಇಲ್ಲ. ಇನ್ನೂ ಹೂವಿನೊಳಗೇ ಇರುವ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿಮಾಡಿಕೊಟ್ಟು ಅವು ಮಡಿಯುತ್ತವೆ. ಆ ದಾರಿಯಿಂದ ಹಾರುವ ಭಾಗ್ಯ ಅವುಗಳದಲ್ಲ. ಅಷ್ಟರಲ್ಲಿ ಅರಳಿದ ಗಂಡುಹೂವುಗಳ ಪರಾಗವನ್ನು ತುಂಬಿಕೊಂಡು ಹೆಣ್ಣುಗಳು ಹೊರಗೆ ಹಾರುತ್ತವೆ. ಅವುಗಳ ಮುಂದಿನ ಆಯುಸ್ಸು ಹೆಚ್ಚೆಂದರೆ ಸುಮಾರು ಒಂದು ದಿನ. ಆಮೇಲೆಯೇ ಕಾಯಿ ಹಣ್ಣಾಗಿ ಕೆಂಪಾಗುವುದು. ಕೋಗಿಲೆ, ಕುಟುರ, ಮೈನಾ, ಅಳಿಲು, ಬಾವಲಿಗಳು ಬರುವುದು.

ಇಲ್ಲಿ ನನ್ನ ಲೆಕ್ಕಿಗನ ಬುದ್ಧಿ ಒಂದು ಪ್ರಶ್ನೆಯನ್ನು ಎತ್ತಿತು. ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಮೆ ಒಟ್ಟಿಗೇ ಬಲಿಯುವುದಾದರೆ, ಹೊರಗೆ ಹಾರಿದ ಹುಳುವಿಗೆ ಅದೇ ಮರದಲ್ಲಿ ಎಳೆಯ ಕಾಯಿ ಎಲ್ಲಿಂದ ಸಿಕ್ಕೀತು? ಸಿಕ್ಕುವುದಿಲ್ಲ. ಅದು ಬೇರೆ ಮರಕ್ಕೆ ಹೋಗಬೇಕು. ಅದೂ ಅಂದೇ ಹೋಗಬೇಕು. ಆದ್ದರಿಂದ ವರ್ಷದ ಯಾವ ದಿನವಾದರೂ ಸುತ್ತಿನ ಪ್ರದೇಶದಲ್ಲಿ ಎಲ್ಲಿಯಾದರೂ ಒಂದು ಅತ್ತಿಯ ಮರ ಹುಳುವಿಗೆ ಸಿದ್ಧವಾಗಿರಬೇಕು. ಅತ್ತಿಯ ಹತ್ತಿರದ ಬಂಧುವಾದ ಆಫ್ರಿಕದ ಒಂದು ಮರದ ಹುಳುಗಳು ನಮೀಬಿಯದ ಮರುಭೂಮಿಯಲ್ಲಿ ಗಾಳಿಯ ಬೆನ್ನೇರಿ ನೂರು ಕಿಲೋಮೀಟರಿಗೂ ಮಿಕ್ಕು ಸಾಗುವುದುಂಟೆಂದು 2009ರಲ್ಲಿ ಪ್ರಕಟವಾದ ಶೋಧನೆಯೊಂದು ತೋರಿಸಿತು. ಹಾಗಾದರೆ ನಮ್ಮ ಹಿತ್ತಿಲಿನ ಮರ ಒಂಟಿಮರವಲ್ಲ. ಲಾಲ್‌ಬಾಗಿನಲ್ಲಿ, ಬನಶಂಕರಿಯಲ್ಲಿ, ಇನ್ನೂ ಆಚೆ ಕನಕಪುರದ ರಸ್ತೆಯ ಹಳ್ಳಿಗಳಲ್ಲಿ ಎಲ್ಲಿ ಅತ್ತಿಮರವಿದ್ದರೂ, ಒಂದು ದಿನ ಬಾಳುವ ಜೀವಗಳ ಕೈಯಲ್ಲಿ ಅದಕ್ಕೂ ಇದಕ್ಕೂ ಪತ್ರವ್ಯವಹಾರ ನಡೆದಿರಬಹುದು. ಈ ವ್ಯವಹಾರ ಅತ್ತಿ ಆಲ ಅರಳಿಗಳ ಕುಲದಲ್ಲಿ 6 ಕೋಟಿ ವರ್ಷಗಳಿಗೂ ಹಿಂದಿನಿಂದ ಬಂದದ್ದೆಂದು ಬಲ್ಲವರ ಗಣನೆ. "ಯಾರಿಗೂ ಯಾವ ಪ್ರಯೋಜನವೂ ಇರುವುದಿಲ್ಲ" ಎಂದು ನಾನು ಬರೆದುಕೊಟ್ಟದ್ದು ಇದನ್ನು ಕುರಿತು!

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈ ಹುಳುವನ್ನು ನಮ್ಮ ಪ್ರಾಚೀನರೂ ಕಂಡಿದ್ದರು. ಭಾಗವತದ ದಶಮಸ್ಕಂಧದಲ್ಲಿ ಅಕ್ರೂರನು ಭಗವಂತನನ್ನು ಸ್ತುತಿಸುವಾಗ, ಜೀವಸಂಕುಲಗಳಿಂದ ತುಂಬಿದ ಲೋಕಗಳು ನಿನ್ನಲ್ಲಿ ಅತ್ತಿಯ ಹಣ್ಣಿನೊಳಗಿನ ಸೊಳ್ಳೆಗಳಂತೆ ಸಂಚರಿಸುತ್ತವೆ ಎಂಬ ಅರ್ಥದ ಉಪಮಾನವನ್ನು ಹೇಳುತ್ತಾನೆ. ಮಹಾಭಾರತದ ಶಾಂತಿಪರ್ವವು ಅದೇ ಸೊಳ್ಳೆಯನ್ನೂ ಹಣ್ಣನ್ನೂ ತೋರಿಸಿ, ಕೂಡಿಕೊಂಡೇ ಇದ್ದರೂ ಅವು ಹೇಗೆ ಬೇರೆಬೇರೆಯೋ ಹಾಗೆಯೇ ಪ್ರಕೃತಿಯೂ ಪುರುಷನೂ ಎನ್ನುತ್ತದೆ. ಗ್ರೀಸಿನಲ್ಲಿ ಅರಿಸ್ಟಾಟಲನೂ ಕಾಡಂಜೂರದಿಂದ ಹುಳು ಹೊರಟು ಊರಂಜೂರದ ಕಾಯನ್ನು ಹೊಗುವುದನ್ನು ಗಮನಿಸಿ ಬರೆದಿಟ್ಟನು. ನಿಸರ್ಗವು ಉದ್ದೇಶವಿಲ್ಲದೆ ಏನನ್ನೂ ಮಾಡದೆಂದು ಸಾಧಿಸಿದ ತತ್ತ್ವಜ್ಞಾನಿಯೂ ಆತನೇ. ಒಬ್ಬರಿಗೆ ಈ ಹಣ್ಣು ಬ್ರಹ್ಮಾಂಡದ ಉಪಮಾನ, ಇನ್ನೊಬ್ಬರಿಗೆ ಭೇದದ ಉಪಮಾನ, ಮತ್ತೊಬ್ಬನಿಗೆ ಪ್ರತ್ಯಕ್ಷವಾಗಿ ಕಂಡ ಸಂಗತಿ. ನಮ್ಮ ಕಾಲದವರು ಇವುಗಳ ಜೊತೆಗೆ ಇನ್ನೊಂದನ್ನು ಕಂಡುಕೊಂಡಿದ್ದಾರೆ: ಸೊಳ್ಳೆಯೂ ಹಣ್ಣೂ ಬೇರೆಬೇರೆಯೆಂಬುದು ಎಷ್ಟು ಸತ್ಯವೋ, ಒಂದಿಲ್ಲದೆ ಇನ್ನೊಂದು ಇರಲಾರದೆಂಬುದೂ ಅಷ್ಟೇ ಸತ್ಯ.

ಹಾಗಾದರೆ ಆ ಹುಳುವಿನ ಬಾಳಿನ ಉದ್ದೇಶವೇನು? ಬೀಜ ಕಟ್ಟಿಸಬೇಕೆಂದು ಅದು ಬರುವುದಿಲ್ಲ. ತನ್ನ ಮೊಟ್ಟೆಗೆ ಮನೆ ಬೇಕೆಂದು ಬರುತ್ತದೆ. ಮರವೂ ಹುಳುವನ್ನು ಸಲಹಬೇಕೆಂದು ಹೂಬಿಡುವುದಿಲ್ಲ. ಕೋಗಿಲೆ ಮರವನ್ನು ನೆಡಬೇಕೆಂದು ಹಣ್ಣು ತಿನ್ನುವುದಿಲ್ಲ. ಯಾವೊಂದರ ಅರಿವಿನಲ್ಲಿಯೂ ಉದ್ದೇಶವಿಲ್ಲ. ಆದರೂ ಒಂದರ ಹಸಿವು ಇನ್ನೊಂದರ ಸಂತಾನವಾಗುತ್ತದೆ.

ಇಷ್ಟನ್ನು ನೋಡಿ, "ಸೃಷ್ಟಿಯೆಲ್ಲ ಪರೋಪಕಾರಮಯ" ಎಂದು ಉಪನ್ಯಾಸಮಾಡುವುದು ಸುಲಭ. ನನಗೂ ಎರಡು ದಿನ ಹಾಗೆಯೇ ತೋರಿತು. ಮೂರನೆಯ ದಿನ ಮರದ ಕೆಳಗೆ ಭೂತಗನ್ನಡಿ ಹಿಡಿದು ನಿಂತಾಗ, ಸೂಜಿಯಂತೆ ನೀಳವಾದ ಬಾಲವುಳ್ಳ ಬೇರೆ ಹುಳುಗಳು ಕಾಯಿಯ ಹೊರಗೇ ಕುಳಿತು ಅದನ್ನು ಚುಚ್ಚುತ್ತಿರುವುದು ಕಂಡಿತು. ಇವು ಪರಾಗವನ್ನು ತರುವುದಿಲ್ಲ. ಹೊರಗಿನಿಂದಲೇ ಮೊಟ್ಟೆಯನ್ನು ಒಳಕ್ಕಿಟ್ಟು ಹೂವನ್ನು ಆಕ್ರಮಿಸುವುದು ಕೆಲವು. ಒಳಗೆ ಬೆಳೆಯುವ ಮರಿಗಳನ್ನೇ ತಮ್ಮ ಮರಿಗೆ ಆಹಾರಮಾಡುವುದು ಕೆಲವು. ಇಂಥ ಒಂದು ಜಾತಿಯ ಹುಳುವಿನ ಸೂಜಿಯ ತುದಿಯಲ್ಲಿ ಸತುವಿನ ಅಂಶ ಸೇರಿ ಅದು ಗಟ್ಟಿಯಾಗಿರುವುದನ್ನು ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶೋಧಕರು 2014ರಲ್ಲಿ ತೋರಿಸಿದರು. ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕಿ ರೆನೀ ಬೋರ್ಜಸ್ ಅವರೂ ಅವರ ಶಿಷ್ಯರೂ ಅನೇಕ ವರ್ಷ ಇದೇ ಅತ್ತಿಯನ್ನು ಅಭ್ಯಾಸಮಾಡಿದ್ದಾರೆ. ಮರದ ಮೇಲೆ ಓಡಾಡುವ ಇರುವೆಗಳು ಈ ಹೊರಗಿನ ಹುಳುಗಳನ್ನು ಹಿಡಿದು ತಿಂದು, ತಾವು ಅರಿಯದೆಯೇ ಕಾಯಿಗೆ ಕಾವಲಾಗುವುದನ್ನು ಅವರು ವರ್ಣಿಸಿದ್ದಾರೆ. ಹೀಗೆ ಒಂದು ಕಾಯಿಯ ಸುತ್ತ ಕೊಡುವವರಿದ್ದಾರೆ, ಕಸಿಯುವವರಿದ್ದಾರೆ, ಕಸಿಯುವವರನ್ನು ತಿನ್ನುವವರಿದ್ದಾರೆ. ಪರಸ್ಪರಾಶ್ರಯವೆಂದರೆ ಪರಸ್ಪರಪ್ರೀತಿಯಲ್ಲ. ಬೇರಿನಿಂದ ಗೋಡೆ ಸೀಳಿದ್ದೂ, ಹಣ್ಣಿನಿಂದ ವೃದ್ಧೆಯ ಕೈ ಮುರಿದದ್ದೂ ಇದೇ ಸಂಬಂಧಗಳ ಬಲೆಯೊಳಗಿನ ಸಂಗತಿಗಳು. ಇದನ್ನು ಮರೆತು ಮರವನ್ನು ಹೊಗಳಿದರೆ ಆ ತಾಯಿಗೆ ಅನ್ಯಾಯವಾದೀತು.

ಮನಸ್ಸು ಹೀಗೆ ತೂಗಾಡುತ್ತಿರಲು, ಒಂದು ಸಾಯಂಕಾಲ ಲಾಲ್‌ಬಾಗಿನ ಬಂಡೆಯ ಮೇಲೆ ಹೋಗಿ ಕುಳಿತೆನು. ನೆತ್ತಿಯಲ್ಲಿ ಕೆಂಪೇಗೌಡರ ಗೋಪುರವಿರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ನಮ್ಮ ಕೆಮ್ಮಣ್ಣು ಅಂಥ ಬಂಡೆಗಳು ಸವೆದು ಆದದ್ದು. ಮಣ್ಣಿನ ಕೆಂಪಿಗೆ ಕಾರಣವಾದ ಕಬ್ಬಿಣವೇ ನಮ್ಮ ರಕ್ತದ ಕೆಂಪಿಗೂ ಕಾರಣ. ಆ ಕಬ್ಬಿಣವಾದರೋ ಸೂರ್ಯನು ಹುಟ್ಟುವುದಕ್ಕೆ ಮುಂಚೆ ಬೇರೆ ನಕ್ಷತ್ರಗಳಲ್ಲಿ ಸಿದ್ಧವಾಗಿ, ಅವು ಅಳಿದಾಗ ಆಕಾಶದಲ್ಲಿ ಚೆದರಿದ್ದು. ಇದನ್ನೆಲ್ಲ ನೆನೆದರೆ ಮನುಷ್ಯನ ತಲೆ ತಿರುಗುತ್ತದೆ. ಇಷ್ಟು ದೊಡ್ಡ ವ್ಯಾಪಾರಕ್ಕೆ ಒಂದು ಉದ್ದೇಶವಿದೆಯೆ, ಇದ್ದರೆ ಅದರಲ್ಲಿ ನನ್ನಂಥವನ ಪಾಲೇನು ಎಂಬ ಪ್ರಶ್ನೆ ಆ ಬಂಡೆಯ ಮೇಲೆ ಕುಳಿತವರಿಗೆ ತಾನಾಗಿಯೇ ಬರುತ್ತದೆ. ಅಲ್ಲಿಂದ ಪಡುವಲಿಗೆ, ಬಸವನಗುಡಿಯಲ್ಲಿ ಬಾಳಿದ ಡಿ. ವಿ. ಗುಂಡಪ್ಪನವರು 1943ರಲ್ಲಿ ಪ್ರಕಟವಾದ ಮಂಕುತಿಮ್ಮನ ಕಗ್ಗದ ಆರಂಭದಲ್ಲಿಯೇ ಈ ಪ್ರಶ್ನೆಯನ್ನು ಹಿಡಿದುಕೊಂಡು ಹೊರಡುತ್ತಾರೆ. ಅಂಥವರು ಜೀವಮಾನವೆಲ್ಲ ಮಥಿಸಿದ್ದಕ್ಕೆ ನಾನು ಒಂದು ಸಂಜೆಯಲ್ಲಿ ಉತ್ತರ ಕಂಡೆನೆಂದರೆ ವಾಚಕರು ನಕ್ಕಾರು. ಸಮಸ್ತಕ್ಕೆ ಉದ್ದೇಶವಿದೆಯೆಂದು ಭಕ್ತರು ನಂಬುತ್ತಾರೆ; ಇಲ್ಲವೆಂದು ಕೆಲವು ವಿಚಾರವಂತರು ಹೇಳುತ್ತಾರೆ. ಹಣ್ಣಿನ ಒಳಗಿರುವ ಹುಳು ಮರದ ಎತ್ತರವನ್ನು ಅಳೆಯಲಾರದು. ಈ ವಿಷಯದಲ್ಲಿ ನಾನು ಆ ಹುಳುವಿನ ಸಮಾನ.

ಆದರೆ ನನಗೆ ಒಂದು ಮಾತ್ರ ಅಲ್ಲಿ ಸ್ಪಷ್ಟವಾಯಿತು. ಉದ್ದೇಶವನ್ನು ನಾನು ಹುಡುಕುತ್ತಿದ್ದ ಸ್ಥಳವೇ ತಪ್ಪು. ಪೆಟ್ಟಿಗೆಯೊಳಗೆ ಹಣವಿರುವಂತೆ ವಸ್ತುವಿನೊಳಗೆ ಅದರ ಪ್ರಯೋಜನ ಇರುತ್ತದೆಂದು ನಾನು ತಿಳಿದಿದ್ದೆನು. ತೆರೆದು ನೋಡಿ ಬರಿದಾಗಿದ್ದರೆ ವಸ್ತು ವ್ಯರ್ಥವೆನ್ನುತ್ತಿದ್ದೆನು. ಹುಳುವನ್ನು ಹುಳುವೆಂದಷ್ಟೇ ಬಿಚ್ಚಿ ನೋಡಿದರೆ ಅದರಲ್ಲಿ ಬೀಜವಿಲ್ಲ. ಹೂವನ್ನು ಹೂವೆಂದಷ್ಟೇ ನೋಡಿದರೆ ಅದರಲ್ಲಿಯೂ ಇಲ್ಲ. ಅವೆರಡೂ ಕೂಡುವಲ್ಲಿ ಬೀಜವಿದೆ. ಪ್ರಯೋಜನವೂ ಹಾಗೆಯೇ ಇಬ್ಬರ ನಡುವೆ ಹುಟ್ಟುವ ಪದಾರ್ಥ. ಒಬ್ಬನೇ ಕುಳಿತು ತನ್ನ ಪ್ರಯೋಜನವೇನೆಂದು ಕೇಳಿಕೊಳ್ಳುವವನಿಗೆ ಉತ್ತರ ಬಾರದಿದ್ದರೆ, ಬಾಳಿನಲ್ಲಿ ಅರ್ಥವಿಲ್ಲವೆಂದಲ್ಲ; ಆ ಪ್ರಶ್ನೆಯನ್ನು ಒಬ್ಬನೇ ಕುಳಿತು ಕೇಳುವಂತಿಲ್ಲ.

ಆಗ ನನ್ನ ಮನೆಯಾಕೆಯ ನೆನಪು ಬಂದಿತು. ಆ ಮೂರು ವರ್ಷ ನಾನು ಅವಳಿಗೆ ಆಸರೆಯಾಗಿದ್ದೆನೆಂದು ಬಂಧುಗಳೆಲ್ಲ ಹೇಳಿದರು, ನಾನೂ ನಂಬಿದ್ದೆನು. ಮಾತನಾಡಲೂ ಶಕ್ತಿಯಿಲ್ಲದೆ ಮಲಗಿದ್ದ ಅವಳು ನನಗೇನು ಕೊಡುತ್ತಿದ್ದಾಳೆಂದು ಯಾರಾದರೂ ಕೇಳಿದ್ದರೆ, ಏನೂ ಇಲ್ಲವೆಂದು ಹೇಳಿಬಿಡುತ್ತಿದ್ದೆನೋ ಏನೋ. ಆದರೆ ಅವಳು ಹೋದಮೇಲೆ ಬಿದ್ದವನು ನಾನು. ಯಾರು ಯಾರಿಗೆ ಆಸರೆಯಾಗಿದ್ದರು? ನನ್ನ ಖಾತೆಯಲ್ಲಿ ಆ ಮೂರು ವರ್ಷದ ಬಾಬನ್ನು ಇಷ್ಟುಕಾಲ ತಪ್ಪು ಅಂಕಣದಲ್ಲಿ ಬರೆದಿದ್ದೆನು. ಕತ್ತಲಾಗುವವರೆಗೂ ಆ ಬಂಡೆಯ ಮೇಲೆ ಕುಳಿತಿದ್ದೆನು. ಕಾವಲಿನವನು ಬಂದು, "ಸ್ವಾಮಿ, ಬಾಗಿಲು ಹಾಕುವ ಹೊತ್ತಾಯಿತು" ಎಂದಮೇಲೆ ಎದ್ದೆನು.

ಮನೆಗೆ ಬಂದು ಒಂದು ಲೋಟ ನೀರು ಕುಡಿದೆನು. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ, ಹಗಲಿರುಳು ಯಂತ್ರಗಳ ಬಳಿ ಎಚ್ಚರವಿರುವ ಜನರ ದುಡಿಮೆಯಿಂದ ಏರಿ ಬಂದದ್ದು. ಕೊಡಗಿನಲ್ಲಿ ಮಳೆ ಸುರಿಯಬೇಕು. ನದಿಯ ದಂಡೆಯ ರೈತರು ತಮಗೂ ಬೇಕಾದ ನೀರಿನಲ್ಲಿ ನಮ್ಮ ಪಾಲನ್ನು ಬಿಡಬೇಕು. "ನನಗೆ ಯಾರ ಹಂಗೂ ಇಲ್ಲ" ಎಂದು ದಿನವೂ ಹೇಳುತ್ತಿದ್ದ ನನ್ನ ಗಂಟಲನ್ನು ತೋಯಿಸುತ್ತಿದ್ದದ್ದು ಈ ನೀರು. ಮೊದಲನೆಯ ಅರ್ಧ ಹೀಗೆ ಸುಳ್ಳಾದಮೇಲೆ, "ನನ್ನ ಹಂಗು ಯಾರಿಗೂ ಇಲ್ಲ" ಎಂಬ ಎರಡನೆಯ ಅರ್ಧವನ್ನು ಮಾತ್ರ ಸತ್ಯವೆಂದು ನಂಬಲು ನನಗೆ ಆಧಾರವೇನಿದ್ದಿತು?

ಮರುದಿನ ಪಕ್ಕದ ಮನೆಯ ಅಮ್ಮನವರನ್ನು ನೋಡಿಬರಲು ಹೋದೆನು. ಅದುವರೆಗೂ ಸಂಕೋಚದಿಂದ ಹೋಗಿರಲಿಲ್ಲ. ಕೈಗೆ ಕಟ್ಟು ಹಾಕಿಸಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. "ಅಮ್ಮಾ, ನನ್ನಿಂದ ನಿಮಗೆ ತೊಂದರೆಯಾಯಿತು. ಮರವನ್ನು ಕಡಿಸಲು ಅರ್ಜಿ ಕೊಟ್ಟಿದ್ದೇನೆ" ಎಂದೆನು. ಅವರು ಔದುಂಬರವು ದತ್ತಾತ್ರೇಯರ ಸ್ಥಾನವೆಂದು ಹೇಳಿ ನನ್ನನ್ನು ತಡೆಯುವರೆಂದು ನನಗೆ ಒಳಗೇ ಒಂದು ನಿರೀಕ್ಷೆಯಿತ್ತೆಂದು ಕಾಣುತ್ತದೆ. ಅವರು ಹಾಗೇನೂ ಹೇಳಲಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಅಷ್ಟು ದೊಡ್ಡ ಮರ ಯಾಕೆ ಕಡಿಸ್ತೀರಿ ರಾಯರೇ? ಬೆಳಗ್ಗೆ ಎದ್ದು ಗುಡಿಸಿದ್ದರೆ ಸಾಕಾಗಿತ್ತು" ಎಂದರು.

ನನಗೆ ಮುಖ ಬಿಸಿಯಾಯಿತು. ಇಷ್ಟು ದಿನ ಮರದ ಪ್ರಯೋಜನವನ್ನೂ ನನ್ನ ಪ್ರಯೋಜನವನ್ನೂ ವಿಶ್ವದ ಪ್ರಯೋಜನವನ್ನೂ ಚಿಂತಿಸಿದ ನನಗೆ, ಮರಕ್ಕೂ ಆ ತಾಯಿಯ ಕಾಲಿಗೂ ನಡುವೆ ಒಂದು ಪೊರಕೆಯ ಕೆಲಸವಿದ್ದದ್ದು ತೋಚಿರಲಿಲ್ಲ. ಬೇರೆ ಯಾರೂ ಅದನ್ನು ಮಾಡುವಂತಿರಲಿಲ್ಲ. ಮರ ನನ್ನ ಹಿತ್ತಿಲಿನದು, ಹೊತ್ತು ಕಳೆಯದೆ ಕುಳಿತಿದ್ದವನೂ ನಾನೇ. ಬೇಕೆನ್ನುವವರು ಯಾರೂ ಇಲ್ಲವೆಂದು ನಾನು ಒಳಗೆ ಕೊರಗುತ್ತಿದ್ದಾಗ ಹೊರಗೆ ಹಣ್ಣುಗಳು ಉದುರುತ್ತಲೇ ಇದ್ದವು.

ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡೆನು. ನೆರೆಯವರ ಕಡೆಗೆ ಚಾಚಿದ ಕೊಂಬೆಗಳನ್ನು ಮಾತ್ರ ಅನುಮತಿ ಪಡೆದು ಸವರಿಸಿದೆನು. ಬಿರಿದ ಗೋಡೆಯನ್ನು ನನ್ನ ಖರ್ಚಿನಿಂದ ಕಟ್ಟಿಸಿಕೊಟ್ಟೆನು. ಬೇರು ಅದನ್ನು ಮತ್ತೆ ಎತ್ತದೆಂದು ಮೇಸ್ತ್ರಿಯೂ ಭರವಸೆ ಕೊಡಲಿಲ್ಲ, ನಾನೂ ಕೊಡಲಾರೆ. ನೆರೆಯವರು ಇದಕ್ಕೆ ಒಪ್ಪಿದರು. ಪೂರ್ಣವಾಗಿ ಸಂತೋಷಪಟ್ಟರೆಂದು ಹೇಳಿದರೆ ಸುಳ್ಳಾದೀತು.

ಈಗ ದಿನವೂ ಐದೂವರೆ ಗಂಟೆಗೆ ಏಳುತ್ತೇನೆ. ಮೊದಲು ಅವರ ಬಾಗಿಲಿನ ಮುಂದಿನ ಓಣಿ, ಆಮೇಲೆ ನಮ್ಮ ಹಿತ್ತಿಲು. ಗುಡಿಸಿದ ಹಣ್ಣನ್ನು ಮೂಲೆಯ ಗುಂಡಿಗೆ ಹಾಕಿ ಮೇಲೆ ಮಣ್ಣೆಳೆಯುತ್ತೇನೆ. ಹಳೆಯ ಬಾವಿಯ ಸುತ್ತಿನ ಗಿಡಗಳಿಗೆ ಅದೇ ಗೊಬ್ಬರ. ಸೊಂಟ ನೋಯುತ್ತದೆ. ಆ ತಾಯಿ ಕೈ ಕೂಡಿಬಂದಮೇಲೆ ಮತ್ತೆ ಹೂವು ಕೊಯ್ಯಲು ಬರುತ್ತಾರೆ. ಗೋಡೆಯಾಚೆಯಿಂದ ಪೊರಕೆಯ ಸಪ್ಪಳ ಕೇಳಿದಮೇಲೆಯೇ ಮೆಟ್ಟಿಲು ಇಳಿಯುತ್ತಾರೆಂದು ಅವರ ಸೊಸೆ ಮೊನ್ನೆ ಹೇಳಿದರು. ಕಳೆದ ತಿಂಗಳು ನನಗೆ ಜ್ವರ ಬಂದು ಎರಡು ದಿನ ಏಳಲಾಗಲಿಲ್ಲ. ಎರಡನೆಯ ದಿನ ಬೆಳಗ್ಗೆ ಅವರು ಮೊಮ್ಮಗನನ್ನು ಕಳುಹಿಸಿ, "ಪೊರಕೆ ಸದ್ದಿಲ್ಲವಲ್ಲ, ರಾಯರಿಗೆ ಏನಾಯಿತು, ನೋಡಿಕೊಂಡು ಬಾ" ಎಂದರಂತೆ. ಹುಡುಗನ ಕೈಯಲ್ಲಿ ಮೆಣಸಿನ ಸಾರಿನ ಪಾತ್ರೆಯೂ ಇತ್ತು.